ಹೊಳಪಿಗಲ್ಲ, ಬಿರುಕು ಕಾಣಲಿ ಎಂದು

ಫೀನಿಕ್ಸ್ ನಗರದ ಉತ್ತರದ ಅಂಚಿನಲ್ಲಿ ಅರಿಜೋನಾ ರಾಜ್ಯದ ವನ್ಯಜೀವಿ ಇಲಾಖೆ ನಡೆಸುವ ಬೆನ್ ಏವರಿ ಶೂಟಿಂಗ್ ರೇಂಜ್ ಇದೆ. ಒಂದು ಸರದಿ ಮುಗಿದು, ಎಲ್ಲರ ರೈಫಲ್ಲೂ ಖಾಲಿಯಾಗಿದೆ ಎಂದು ಖಾತ್ರಿಯಾದ ಕೂಡಲೇ ಅಲ್ಲಿ ಜನ ನೆಲ ನೋಡತೊಡಗುತ್ತಾರೆ. ನಿವೃತ್ತ ಪೊಲೀಸರು, ವಕೀಲರು, ಚಿಪ್ ಕಾರ್ಖಾನೆಯ ಎಂಜಿನಿಯರುಗಳು, ಯಾರೇ ಆಗಲಿ, ಬೆನ್ನು ಬಗ್ಗಿಸಿ ತಮ್ಮ ತಮ್ಮ ಖಾಲಿ ತೋಟೆ ಆರಿಸಿಕೊಳ್ಳುತ್ತಾರೆ. ಮೊಣಕಾಲು ಮಾತು ಕೇಳದವರು ಉದ್ದ ಕೋಲಿನ ತುದಿಗೆ ತಂತಿಯ ಬುಟ್ಟಿ ಇರುವ ಸಲಕರಣೆ ತಂದಿರುತ್ತಾರೆ. ಮರದಡಿ ಬಿದ್ದ ಅಕ್ರೋಟು ಆರಿಸಲೆಂದು ಮಾಡಿದ್ದು ಅದು. ನೆಲದ ಮೇಲೆ ಉರುಳಿಸಿದರೆ ತಂತಿಗಳ ಸಂದಿಯಿಂದ ತೋಟೆಗಳು ತಾವಾಗಿ ಒಳಗೆ ನುಗ್ಗುತ್ತವೆ. ಬಗ್ಗುವವರಲ್ಲಿ ನಾನೂ ಒಬ್ಬಳು. ನೋಡಿದವರು ಜಿಪುಣತನ ಅಂದುಕೊಳ್ಳಬಹುದು. ಸ್ವಲ್ಪ ಮಟ್ಟಿಗೆ ಹೌದು ಕೂಡ.

ತೋಟೆ ಎಂದರೆ ನಾಲ್ಕು ವಸ್ತು. ಮುಂದೆ ಗುಂಡು, ಒಳಗೆ ಮದ್ದು, ಬುಡದಲ್ಲಿ ಕೇಪು, ಈ ಮೂರನ್ನೂ ಹಿಡಿದಿಡುವ ಹಿತ್ತಾಳೆಯ ಕವಚ. ಕುದುರೆ ಎಳೆದರೆ ಸೂಜಿ ಕೇಪಿಗೆ ಬಡಿಯುತ್ತದೆ, ಕೇಪು ಕಿಡಿ ಕಾರುತ್ತದೆ, ಮದ್ದು ಉರಿದು ಗುಂಡನ್ನು ಆಚೆ ದಬ್ಬುತ್ತದೆ. ಗುಂಡು ಹೋಯಿತು, ಮದ್ದು ಹೋಯಿತು, ಕೇಪು ಸತ್ತಿತು. ಉಳಿದದ್ದು ಹಿತ್ತಾಳೆ, ನಾಲ್ಕರಲ್ಲಿ ಹೆಚ್ಚು ಬೆಲೆ ಬಾಳುವುದೂ ಸಾಮಾನ್ಯವಾಗಿ ಅದೇ. ಫಿನ್ಲೆಂಡಿನ ಲಾಪುವಾ ಕಂಪನಿಯ ಒಳ್ಳೆಯ ಕವಚ ಒಂದಕ್ಕೇ ಒಂದು ಡಾಲರಿಗಿಂತ ಹೆಚ್ಚು ಕೊಡಬೇಕು. ಸತ್ತ ಕೇಪು ತೆಗೆದು ಹೊಸದು ಕೂರಿಸಿ, ಅಳತೆ ಸರಿಪಡಿಸಿ, ಮದ್ದು ತೂಗಿ ಹಾಕಿ, ಹೊಸ ಗುಂಡು ಒತ್ತಿದರೆ ಅದೇ ಹಿತ್ತಾಳೆ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಇದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸು ಬೇಕಿಲ್ಲ. ಮಾರಲು ಹೊರಟರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಲೈಸೆನ್ಸು ಬೇಕು. ಆದ್ದರಿಂದ ಇದನ್ನು ಓದಿ ಊರಲ್ಲಿ ಯಾರೂ ಕೈ ಹಾಕಬೇಡಿ.

ನಾನು ಹುಟ್ಟಿದ್ದು ಮಡಿಕೇರಿಯ ಹತ್ತಿರ. ಕೈಲ್ ಪೊಳ್ದ್ ಹಬ್ಬಕ್ಕೆ ಅಪ್ಪ ಜೋಡಿ ನಳಿಗೆಯ ಕೋವಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ ದೇವರ ಮುಂದೆ ಇಡುತ್ತಿದ್ದರು. ನಳಿಗೆಯೊಳಗೆ ಮಸಿಯ ಚುಕ್ಕೆ ಕಂಡರೆ ಅಂದು ಮನೆಯಲ್ಲಿ ಎಲ್ಲರಿಗೂ ಬೈಗುಳ. ಆದರೆ ಹಾರಿಸಿದ ತೋಟೆಯನ್ನು ತೊಳೆಯುವುದು ಅಂತ ಒಂದು ಇದೆ ಎಂದು ನನಗೆ ತಿಳಿದದ್ದು ಈ ಮರಳುಗಾಡಿಗೆ ಬಂದ ಮೇಲೆ.

ತೊಳೆಯುವುದು ಏಕೆ? ನಾನು ಹಾರಿಸುವುದು .308 ವಿಂಚೆಸ್ಟರ್, 1952ರಲ್ಲಿ ಮಾರುಕಟ್ಟೆಗೆ ಬಂದ ತೋಟೆ. ಇದರೊಳಗಿನ ಒತ್ತಡಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಹಾಕಿದ ಮಿತಿ ಚದರ ಇಂಚಿಗೆ 62,000 ಪೌಂಡು. ಕಾರಿನ ಚಕ್ರಕ್ಕೆ ನಾವು ಹೊಡೆಸುವ ಗಾಳಿ 32ರಿಂದ 35. ಅಷ್ಟು ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಕೋವಿಯ ಗೂಡಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಡಿಲವಾಗುತ್ತದೆ. ಶೇ. 70 ತಾಮ್ರ, ಶೇ. 30 ಸತು ಸೇರಿದ ಈ ಹಿತ್ತಾಳೆಯನ್ನು ಆರಿಸಿಕೊಂಡಿರುವುದೇ ಉಬ್ಬಿ ಕುಗ್ಗುವ ಈ ಗುಣಕ್ಕಾಗಿ. ಪ್ರತಿ ಸಲವೂ ಲೋಹ ಒಂದಿಷ್ಟು ಗಡುಸಾಗುತ್ತದೆ, ಒಂದಿಷ್ಟು ಹಿಗ್ಗುತ್ತದೆ. ಕೊನೆಗೊಂದು ದಿನ ಕತ್ತಿನಲ್ಲಿ ಉದ್ದಕ್ಕೆ ಸೀಳುತ್ತದೆ, ಇಲ್ಲವೇ ಬುಡದ ಮೇಲೆ ಅಡ್ಡಕ್ಕೆ ಹರಿಯುತ್ತದೆ. ಕತ್ತು ಸೀಳಿದರೆ ಹೋದದ್ದು ಆ ತೋಟೆ ಮಾತ್ರ. ಬುಡ ಹರಿದರೆ ಬಿಸಿ ಅನಿಲ ಕಣ್ಣಿನ ಕಡೆಗೆ ಬರಬಹುದು. ಮಸಿ ಮೆತ್ತಿದ ಹಿತ್ತಾಳೆಯಲ್ಲಿ ಈ ಗುರುತು ಯಾವುದೂ ಕಾಣುವುದಿಲ್ಲ. ಜೊತೆಗೆ ಮರಳಿನ ಕಣ ಅಂಟಿದ ತೋಟೆಯನ್ನು ಅಳತೆಯ ಅಚ್ಚಿಗೆ ತುರುಕಿದರೆ ಅಚ್ಚಿನೊಳಗೆ ಗೀರು ಬೀಳುತ್ತದೆ. ಆಮೇಲೆ ಆ ಅಚ್ಚಿಗೆ ಹೋದ ಪ್ರತಿ ತೋಟೆಯ ಮೈಮೇಲೂ ಅದೇ ಗೀರು.

ಬಹಳ ಕಾಲದಿಂದ ನಡೆದು ಬಂದದ್ದು ಒಣ ವಿಧಾನ. ಗಡಗಡ ನಡುಗುವ ಒಂದು ಬಟ್ಟಲಿಗೆ ಜೋಳದ ದಿಂಡಿನ ಪುಡಿಯನ್ನೋ ಅಕ್ರೋಟಿನ ಚಿಪ್ಪಿನ ತರಿಯನ್ನೋ ಸುರಿದು, ತೋಟೆಗಳನ್ನು ಹಾಕಿ, ಗಂಟೆಗಟ್ಟಲೆ ಬಿಡುವುದು. ಹೊರಮೈ ಚೆನ್ನಾಗಿ ಹೊಳೆಯುತ್ತದೆ. ಒಳಗಿನ ಮಸಿ, ಕೇಪು ಕೂರುವ ಗುಳಿಯ ಕರಿಕು ಹಾಗೆಯೇ ಉಳಿಯುತ್ತವೆ. ಅದಕ್ಕಿಂತ ಕೆಟ್ಟದ್ದು ಧೂಳು. ಬಹುತೇಕ ಕೇಪುಗಳ ಸ್ಫೋಟಕದಲ್ಲಿ ಸೀಸದ ಸ್ಟಿಫ್ನೇಟ್ ಇರುತ್ತದೆ. ಉರಿದಾಗ ಆ ಸೀಸ ತೋಟೆಯೊಳಗೆ ಮೆತ್ತಿಕೊಳ್ಳುತ್ತದೆ. ಒಣ ಬಟ್ಟಲಿನ ಮುಚ್ಚಳ ತೆಗೆದು ಪುಡಿಯನ್ನು ಜರಡಿ ಹಿಡಿದಾಗ ಮೂಗಿಗೆ ಬರುವ ನಯವಾದ ಧೂಳಿನಲ್ಲಿ ಅದೇ ಇರುವುದು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ಮೊಮ್ಮಕ್ಕಳು ಓಡಾಡುವ ಮನೆ ನಮ್ಮದು. ನಾನು ಒಣ ಯಂತ್ರವನ್ನು ಮಾರಿ ನೀರಿಗೆ ಇಳಿದದ್ದು ಈ ಕಾರಣಕ್ಕೇ. ಹೊಳಪು ಆಮೇಲಿನ ಮಾತು.

ನೀರಿನ ವಿಧಾನದಲ್ಲಿ ಹೊಸದೇನೂ ಇಲ್ಲ. ಹೊಗೆ ಕಾರುವ ಹಳೆಯ ಕರಿಮದ್ದಿನ ಕಾಲದಲ್ಲಿ ಹಾರಿಸಿದ ತೋಟೆಯನ್ನು ಬೇಗನೆ ನೀರಿಗೆ ಹಾಕದಿದ್ದರೆ ಉಳಿದ ಬೂದಿ ತೇವ ಹೀರಿ ಹಿತ್ತಾಳೆಯನ್ನು ತಿನ್ನುತ್ತಿತ್ತು. ಈಗಿನ ರೂಪ ಬಂದದ್ದು ಒಡವೆ ಕೆಲಸದವರು ಮತ್ತು ಬಣ್ಣದ ಕಲ್ಲು ಪಾಲಿಶ್ ಮಾಡುವ ಹವ್ಯಾಸಿಗಳ ಕಡೆಯಿಂದ. ಅವರು ಬಳಸುತ್ತಿದ್ದ ಉರುಳು ಪೀಪಾಯಿಗೆ ರೀಲೋಡಿಂಗ್ ಮಂದಿ ಸ್ಟೇನ್‌ಲೆಸ್ ಉಕ್ಕಿನ ಪಿನ್ನುಗಳನ್ನು ಸುರಿದರು. ಅಷ್ಟೇ. ಥಮ್ಲರ್ಸ್ ಹೆಸರಿನ ಕಲ್ಲು ಉರುಳಿಸುವ ಯಂತ್ರ ಹೀಗೆಯೇ ಬಂದೂಕಿನವರ ಗ್ಯಾರೇಜು ಸೇರಿತು. ಈಗ ಇದಕ್ಕೆಂದೇ ಮಾಡಿದ ಯಂತ್ರಗಳಿವೆ. ಹೆಚ್ಚು ಕಾಣುವ ಹೆಸರು ಫ್ರಾಂಕ್‌ಫರ್ಡ್ ಆರ್ಸೆನಲ್. ಆ ಹೆಸರಿನ ನಿಜವಾದ ಆಯುಧಾಗಾರ ಫಿಲಡೆಲ್ಫಿಯಾದಲ್ಲಿತ್ತು. 1816ರಲ್ಲಿ ತೆರೆದು 1977ರಲ್ಲಿ ಬಾಗಿಲು ಹಾಕಿತು. ಈಗಿನ ಕಂಪನಿ ಹೆಸರನ್ನಷ್ಟೇ ಇಟ್ಟುಕೊಂಡಿದೆ.

ನನ್ನ ಯಂತ್ರ ಏಳು ಲೀಟರಿನ ಡ್ರಮ್ಮು, ಒಳಗೆ ರಬ್ಬರ್ ಪದರ, ಕೆಳಗೆ ಮೋಟಾರು. ಪಿನ್ನು ಒಂದೊಂದೂ ಸುಮಾರು 1.2 ಮಿ.ಮೀ. ದಪ್ಪ, 6.5 ಮಿ.ಮೀ. ಉದ್ದ. ಎರಡು ಕಿಲೋಗಿಂತ ತುಸು ಹೆಚ್ಚು ಪಿನ್ನು, ತೋಟೆ, ಮೇಲೆ ಮುಳುಗುವಷ್ಟು ನೀರು. ಡ್ರಮ್ಮು ತಿರುಗಿದಂತೆ ಪಿನ್ನುಗಳು ತೋಟೆಯ ಬಾಯಿಂದ ಒಳಹೊಕ್ಕು ಗೋಡೆ ಕೆರೆದು ಹೊರಬರುತ್ತವೆ, ಕೇಪಿನ ಗುಳಿಯ ಮೂಲೆಯನ್ನೂ ಬಿಡುವುದಿಲ್ಲ. ಹೀಗಾಗಬೇಕಾದರೆ ಸತ್ತ ಕೇಪನ್ನು ಮೊದಲೇ ತೆಗೆದಿರಬೇಕು. ಸೂಜಿಯಿರುವ ಅಚ್ಚಿನಲ್ಲಿ ಒಮ್ಮೆ ಒತ್ತಿದರೆ ಅದು ಟಕ್ ಎಂದು ಉದುರುತ್ತದೆ. ಇದು ಬಾಕ್ಸರ್ ಮಾದರಿಯ ತೋಟೆಗಳಿಗೆ ಮಾತ್ರ ಸಲೀಸು. ಅವುಗಳ ಬುಡದಲ್ಲಿ ನಡುವೆ ಒಂದೇ ರಂಧ್ರ ಇರುತ್ತದೆ. ಬರ್ಡನ್ ಮಾದರಿಯಲ್ಲಿ ಪಕ್ಕಕ್ಕೆ ಎರಡು ಪುಟ್ಟ ರಂಧ್ರ, ಸೂಜಿ ಇಳಿಯುವುದಿಲ್ಲ. ಬಾಕ್ಸರ್ ಇಂಗ್ಲಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕನ್. ಆದರೆ ಅಮೆರಿಕ ಹಿಡಿದದ್ದು ಇಂಗ್ಲಿಷಿನವನದನ್ನು, ಯುರೋಪಿನ ಸೈನ್ಯಗಳು ಹಿಡಿದದ್ದು ಅಮೆರಿಕನ್ನನದನ್ನು.

ಡ್ರಮ್ಮಿಗೆ ಹಾಕುವ ಮುನ್ನ ವಿಂಗಡಿಸುವ ಕೆಲಸವಿದೆ. ಉಕ್ಕಿನ ತೋಟೆ ಬೆರೆತಿದ್ದರೆ ತುಕ್ಕು, ಅಲ್ಯೂಮಿನಿಯಂ ಬೆರೆತಿದ್ದರೆ ಬೂದು ಕೊಳೆ. ಪಿಸ್ತೂಲಿನವು ಇನ್ನೊಂದು ತಂಟೆ: 9 ಮಿ.ಮೀ. ತೋಟೆ .40ರ ಹೊಟ್ಟೆಗೆ ಸೇರುತ್ತದೆ, .40 ಹೋಗಿ .45ರ ಹೊಟ್ಟೆಗೆ. ಉರುಳುತ್ತಾ ಹಾಗೆ ಸಿಕ್ಕಿಕೊಂಡವು ಒಳಗೆ ತೊಳೆದುಕೊಳ್ಳುವುದೂ ಇಲ್ಲ, ಸುಲಭವಾಗಿ ಬಿಡಿಸಲೂ ಬರುವುದಿಲ್ಲ.

ಇನ್ನು ನೀರಿಗೆ ಹಾಕುವುದು. ಇಲ್ಲಿನ ಪ್ರತಿ ಗ್ಯಾರೇಜಿನಲ್ಲೂ ಪಾತ್ರೆ ತೊಳೆಯುವ ಡಾನ್ ಸೋಪಿನ ನೀಲಿ ಬಾಟಲಿ, ಲೆಮಿ ಶೈನ್ ಎಂಬ ಪುಡಿಯ ಡಬ್ಬ ಜೋಡಿಯಾಗಿ ಇರುತ್ತವೆ. ಪುಡಿಯಲ್ಲಿ ಇರುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲ, ನಾವು ನಿಂಬೆ ಉಪ್ಪು ಎನ್ನುವುದೇ. ಚಮಚ ಹುಡುಕುವ ತಾಪತ್ರಯವಿಲ್ಲ; ಖಾಲಿ 9 ಮಿ.ಮೀ. ತೋಟೆಯೇ ಅಳತೆ ಪಾವು. ಸೋಪು ಮಸಿಯನ್ನು, ಜಿಡ್ಡನ್ನು ನೀರಿನಲ್ಲಿ ತೇಲಿಸಿ ಮತ್ತೆ ಹಿತ್ತಾಳೆಗೆ ಅಂಟದಂತೆ ಹಿಡಿದಿಡುತ್ತದೆ. ಆಮ್ಲ ತಾಮ್ರದ ಆಕ್ಸೈಡನ್ನು, ಅಂದರೆ ಕಂದು ಕಿಲುಬನ್ನು, ಕರಗಿಸುತ್ತದೆ. ಗೌರಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಉಜ್ಜಿ ದೀಪದ ಕಂಬ ಬೆಳಗಿದವರಿಗೆ ಈ ರಸಾಯನಶಾಸ್ತ್ರ ಹೇಳಿಕೊಡಬೇಕಿಲ್ಲ. ಅಲ್ಲಿ ಕೆಲಸ ಮಾಡುವುದು ಟಾರ್ಟಾರಿಕ್ ಆಮ್ಲ, ಇಲ್ಲಿ ಸಿಟ್ರಿಕ್. ಫೀನಿಕ್ಸಿನ ನಲ್ಲಿ ನೀರು ಗಡಸು. ಆಮ್ಲ ಆ ಸುಣ್ಣವನ್ನೂ ಕಟ್ಟಿಹಾಕುತ್ತದೆ.

ಆಮ್ಲ ಕೊಂಚ ಸಾಕು. ಇನ್ನಷ್ಟು ಹಾಕಿದರೆ ಇನ್ನಷ್ಟು ಹೊಳಪು ಎಂದು ಹೊರಟವರ ತೋಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂದರೆ ಮೇಲ್ಮೈಯ ಸತು ಕರಗಿ ಹೋಗಿ ತಾಮ್ರ ಉಳಿಯಿತು ಎಂದರ್ಥ. ಮೇಲುಮೇಲಿನ ಗುಲಾಬಿ ಛಾಯೆಯಿಂದ ತೋಟೆ ಕೆಡುವುದಿಲ್ಲ ಎನ್ನುವವರೇ ಹೆಚ್ಚು. ನನಗಂತೂ ಅದು ಅಳತೆ ಮೀರಿದ್ದಕ್ಕೆ ಯಂತ್ರ ಕೊಡುವ ಎಚ್ಚರಿಕೆ.

ಆಮ್ಲದಲ್ಲಿ ತಪ್ಪಿದರೆ ಬಣ್ಣ ಕೆಡುತ್ತದೆ. ಅಮೋನಿಯಾದಲ್ಲಿ ತಪ್ಪಿದರೆ ಲೋಹವೇ ಒಡೆಯುತ್ತದೆ. ಇದನ್ನು ಜಗತ್ತು ಕಲಿತ ಕಥೆ ನಡೆದದ್ದು ನಮ್ಮ ದೇಶದಲ್ಲಿ. ಬ್ರಿಟಿಷ್ ಸೈನ್ಯ ಭಾರತದಲ್ಲಿದ್ದಾಗ ಮಳೆಗಾಲದಲ್ಲಿ ಕಾರ್ಯಾಚರಣೆ ತಗ್ಗಿಸಿ ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದರೆ ಒಂದು ಗುಂಡೂ ಹಾರಿಸದ ತೋಟೆಗಳ ಕತ್ತಿನಲ್ಲಿ ಬಿರುಕು, ಅದರಲ್ಲೂ ಹಿತ್ತಾಳೆ ಗುಂಡನ್ನು ಬಿಗಿದು ಹಿಡಿದ ಜಾಗದಲ್ಲಿ. ಋತುಮಾನಕ್ಕೆ ಬರುವ ಕಾಯಿಲೆ ಎಂಬಂತೆ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದು ಕರೆದರು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿ ಹೇಳಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಒಂದು ಕಡೆ. ತಯಾರಿಕೆಯಲ್ಲಿ ಎಳೆದು ಬಿಗಿದ ಹಿತ್ತಾಳೆಯೊಳಗೆ ಸೆರೆಯಾಗಿ ಉಳಿದ ಬಿಗುವು ಇನ್ನೊಂದು ಕಡೆ. ಎರಡೂ ಸೇರಿದಾಗ ಲೋಹದ ಹರಳುಗಳ ನಡುವಿನ ಗಡಿಯಲ್ಲೇ ಬಿರುಕು ಹರಿಯುತ್ತದೆ. ಒಂದಿಲ್ಲದೆ ಇನ್ನೊಂದಕ್ಕೆ ಶಕ್ತಿಯಿಲ್ಲ. ಅದಕ್ಕೇ ಈಗಲೂ ತೋಟೆ ತಯಾರಿಸುವಾಗ ಕತ್ತನ್ನು ಕಾಯಿಸಿ ಬಿಗುವು ಇಳಿಸುತ್ತಾರೆ. ಹೊಸ ಸೈನಿಕ ತೋಟೆಯ ಕತ್ತಿನ ಮೇಲೆ ಕಾಣುವ ನೀಲಿ ಕಂದು ಛಾಯೆ ಆ ಬಿಸಿಯ ಗುರುತು. ಅದಕ್ಕೇ ಅಮೋನಿಯಾ ಇರುವ ಪಾಲಿಶನ್ನು ಈ ಕೆಲಸಕ್ಕೆ ಮುಟ್ಟಬಾರದು. ಬ್ರಾಸೋ ದೀಪದ ಕಂಬಕ್ಕೆ, ಬಾಗಿಲ ಚಿಲಕಕ್ಕೆ ಒಳ್ಳೆಯದೇ. 62,000 ಪೌಂಡು ಹೊರುವ ಹಿತ್ತಾಳೆಗೆ ಬೇಡ. ಕಿಟಕಿ ಗಾಜು ಒರೆಸುವ ದ್ರವಗಳ ಲೇಬಲ್ಲನ್ನೂ ಓದಿ ನೋಡಬೇಕು.

ಎರಡು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ನೀರು ಕಪ್ಪು ಶಾಯಿ. ಒಣ ವಿಧಾನದಲ್ಲಿ ಗಾಳಿಗೆ ಹಾರುತ್ತಿದ್ದ ಸೀಸ ಈಗ ಈ ನೀರಿನಲ್ಲಿದೆ. ಅದನ್ನು ಅಡುಗೆಮನೆಯ ಸಿಂಕಿಗಾಗಲಿ, ಕರಿಬೇವಿನ ಬುಡಕ್ಕಾಗಲಿ ಸುರಿಯಬಾರದು. ನಾನು ಬಕೆಟ್ಟಿನಲ್ಲಿ ತಂಗಲು ಬಿಟ್ಟು ತಳದ ಕೆಸರನ್ನು ಡಬ್ಬಕ್ಕೆ ತುಂಬಿಸಿ, ಮನೆಯ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ದಿನ ಕೊಟ್ಟು ಬರುತ್ತೇನೆ. ಕೈಗೆ ಗ್ಲೌಸು. ಈ ಜರಡಿ, ಬಕೆಟ್ಟು, ಟವೆಲ್ಲು ಯಾವುದೂ ಮತ್ತೆ ಮನೆಯೊಳಗೆ ಬರುವುದಿಲ್ಲ.

ಪಿನ್ನು ಬೇರ್ಪಡಿಸುವುದು ಎಲ್ಲರೂ ಗೊಣಗುವ ಹಂತ. ಜಾಲರಿಯ ಬುಟ್ಟಿಗೆ ಸುರಿದು, ನೀರಿನೊಳಗೇ ತಿರುಗಿಸಿದರೆ ಪಿನ್ನುಗಳು ಜಾರಿ ಕೆಳಗಿಳಿಯುತ್ತವೆ. ನೀರಿನ ಮೇಲೆ ತಿರುಗಿಸಿದರೆ ತೇವಕ್ಕೆ ಅಂಟಿಕೊಂಡು ಕೂರುತ್ತವೆ. ನೆಲಕ್ಕೆ ಚೆಲ್ಲಿದವನ್ನು ಆಯಸ್ಕಾಂತದಿಂದ ಆರಿಸಬಹುದು. ಸ್ಟೇನ್‌ಲೆಸ್ಸಿಗೆ ಆಯಸ್ಕಾಂತ ಅಂಟುವುದಿಲ್ಲವಲ್ಲ ಎಂದರೆ, ತಂತಿ ಎಳೆಯುವಾಗ ತಣ್ಣಗೇ ಜಗ್ಗಿದ್ದರಿಂದ ಅದರ ಹರಳಿನ ರಚನೆ ಬದಲಾಗಿ ತುಸು ಅಂಟುತ್ತದೆ. ನಿಜವಾದ ಅಪಾಯ ತೋಟೆಯೊಳಗೆ ಉಳಿಯುವ ಪಿನ್ನು. ಬುಡದ ರಂಧ್ರ ಸುಮಾರು ಎರಡು ಮಿ.ಮೀ.; ಒಂದು ಪಿನ್ನು ಆರಾಮಾಗಿ ಹೋಗಿ ಬರುತ್ತದೆ, ಎರಡು ಒಟ್ಟಿಗೆ ನುಗ್ಗಿದರೆ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ನೋಡದೆ ಮದ್ದು ತುಂಬಿದರೆ ಗುಂಡಿನ ಜೊತೆ ಉಕ್ಕಿನ ಚೂರೂ ನಳಿಗೆಯಲ್ಲಿ ಹಾಯುತ್ತದೆ. ಹೀಗಾಗಿ ಪ್ರತಿ ತೋಟೆಯನ್ನೂ ದೀಪದ ಎದುರು ಹಿಡಿದು ಬಾಯಿಂದ ಬುಡದವರೆಗೆ ನೋಡುತ್ತೇನೆ. ರಂಧ್ರದಲ್ಲಿ ದುಂಡನೆ ಬೆಳಕು ಕಂಡರೆ ಸರಿ, ಇಲ್ಲದಿದ್ದರೆ ಬದಿಗೆ.

ಒಣಗಿಸಲು ಇಲ್ಲಿನ ಬಿಸಿಲು ಸಾಕು. ಕೊನೆಯ ಜಾಲಾಡಿಕೆಗೆ ಡಿಸ್ಟಿಲ್ಡ್ ನೀರು ಬಳಸಿದರೆ ಸುಣ್ಣದ ಕಲೆ ಉಳಿಯುವುದಿಲ್ಲ. ಚಳಿ ಪ್ರದೇಶದವರು ಹಣ್ಣು ಒಣಗಿಸುವ ಯಂತ್ರಕ್ಕೆ ಹಾಕುತ್ತಾರೆ. ಆಮೇಲೆ ಅದರಲ್ಲಿ ಹಣ್ಣು ಇಡುವಂತಿಲ್ಲ. ಓವನ್ನಿಗೆ ಇಟ್ಟು ಬೇಗ ಮುಗಿಸೋಣ ಎಂದು ಶಾಖ ಏರಿಸುವುದು ಕೂಡದು. ಕತ್ತು ಮೆತ್ತಗಿರಬೇಕು, ಬುಡ ಗಡುಸಾಗಿರಬೇಕು. ಇಡೀ ತೋಟೆ ಹೆಚ್ಚು ಕಾದು ಬುಡವೂ ಮೆತ್ತಗಾದರೆ ಅದನ್ನು ಎಸೆಯುವುದೊಂದೇ ದಾರಿ.

ಇಷ್ಟಾದ ಮೇಲೆ ಮೇಜಿನ ಮೇಲೆ ಹರಡಿದ ಹಿತ್ತಾಳೆ ಬಾಯಿ ಬಿಡುತ್ತದೆ. ಬುಡದ ಅಚ್ಚೊತ್ತು ಓದಲು ಬರುತ್ತದೆ. ‘ಎಲ್‌ಸಿ’ ಎಂದಿದ್ದರೆ ಮಿಸ್ಸೌರಿಯ ಇಂಡಿಪೆಂಡೆನ್ಸ್ ಊರಿನ ಲೇಕ್ ಸಿಟಿ ಕಾರ್ಖಾನೆ, 1941ರಲ್ಲಿ ಶುರುವಾದದ್ದು. ಪಕ್ಕದ ಎರಡಂಕಿ ತಯಾರಾದ ವರ್ಷ. ಸೈನ್ಯಕ್ಕೆ ಮಾಡಿದ ತೋಟೆಯಾದರೆ ಕೇಪಿನ ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿದಿರುತ್ತಾರೆ, ಆ ಏಣನ್ನು ತೆಗೆಯದೆ ಹೊಸ ಕೇಪು ಕೂರುವುದಿಲ್ಲ. ನಮ್ಮ ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ಗುರುತು ‘ಕೆಎಫ್’. ಬುಡದಿಂದ ಒಂದಿಷ್ಟು ಮೇಲೆ ಮೈಸುತ್ತಲೂ ತೆಳ್ಳನೆಯ ಬಿಳಿ ಗೆರೆ ಕಂಡರೆ ಅಲ್ಲಿ ಗೋಡೆ ಒಳಗಿನಿಂದ ತೆಳುವಾಗಿರಬಹುದು. ಪೇಪರ್ ಕ್ಲಿಪ್ಪಿನ ತಂತಿಯ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಒಳಗೆ ಬಿಟ್ಟು ಗೋಡೆಯ ಮೇಲೆ ಎಳೆದು ನೋಡುತ್ತೇನೆ. ತುದಿ ಒಂದು ಕಡೆ ತಡವರಿಸಿದರೆ ಒಳಗೆ ಕಾಲುವೆ ಬಿದ್ದಿದೆ. ಆ ತಡವರಿಕೆ ಬೆರಳಿಗೆ ಗೊತ್ತಾಗಲು ಒಳಗಡೆ ಮಸಿ ಇರಬಾರದು. ನೀರಿನ ತೊಳೆತದ ಪೂರ್ತಿ ಲಾಭ ಇರುವುದು ಇಲ್ಲೇ ಎಂದು ನನ್ನ ಲೆಕ್ಕ.

ತೊಳೆದರೆ ಗುರಿ ಸುಧಾರಿಸುತ್ತದೆಯೇ? ಇಲ್ಲ. ಕೆಲವೊಮ್ಮೆ ಕೆಡುತ್ತದೆ. ದೂರದ ಗುರಿಯ ಸ್ಪರ್ಧೆಗಳಲ್ಲಿ ಪಳಗಿದ ಹಿರಿಯರೊಬ್ಬರು ನಮ್ಮ ರೇಂಜಿನಲ್ಲಿದ್ದಾರೆ. ನನ್ನ ಹೊಳೆಯುವ ತೋಟೆಗಳನ್ನು ನೋಡಿ, "ಮದುವೆಗೆ ಹೊರಟಿದ್ದೀಯಾ ಮಗಳೇ?" ಎನ್ನುತ್ತಾರೆ. ಅವರದು ಕತ್ತಿನ ಒಳಗೆ ಮಸಿಯ ತೆಳು ಪದರ ಹಾಗೇ ಇರಲಿ ಎನ್ನುವ ಪಂಥ. ಗುಂಡನ್ನು ಕತ್ತಿಗೆ ಒತ್ತುವಾಗ ಆ ಮಸಿಯೇ ಜಾರುಮದ್ದು. ಪೂರ್ತಿ ಬೋಳಾದ ಹಿತ್ತಾಳೆ ಗುಂಡಿನ ತಾಮ್ರದ ಮೇಲೆ ಕಚ್ಚಿ ಕಚ್ಚಿ ಇಳಿಯುತ್ತದೆ, ಹಿಡಿತ ಒಂದರಂತೆ ಇನ್ನೊಂದಿರುವುದಿಲ್ಲ, ತಿಂಗಳುಗಟ್ಟಲೆ ಇಟ್ಟರೆ ಅಂಟಿಕೊಳ್ಳುವುದೂ ಉಂಟು. ಅವರು ಹೇಳುವುದರಲ್ಲಿ ಹುರುಳಿದೆ. ಗುಂಡು ಒತ್ತುವ ಮುನ್ನ ನಾನು ಕತ್ತನ್ನು ಗ್ರಾಫೈಟಿನ ಪುಡಿಯಲ್ಲಿ ಅದ್ದುತ್ತೇನೆ. ಅಷ್ಟು ಕಷ್ಟಪಟ್ಟು ಕರಿ ತೊಳೆದು ಮತ್ತೆ ಕರಿ ಬಳಿಯುವುದನ್ನು ನೋಡಿ ನನ್ನ ಗಂಡ ನಗುತ್ತಾರೆ, ನಗಲಿ. ಡ್ರಮ್ಮಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಇನ್ನೊಂದು ತೊಂದರೆ: ತೋಟೆಗಳು ಒಂದಕ್ಕೊಂದು ಬಡಿದು ಬಾಯಿಯ ಅಂಚು ಒಳಮಡಚಿಕೊಳ್ಳುತ್ತದೆ. ಅದನ್ನು ಕೆರೆದು ಸರಿಪಡಿಸದಿದ್ದರೆ ಗುಂಡಿನ ಮೈ ಗೀರುತ್ತದೆ. ನಾಲ್ಕು ಗಂಟೆ ಉರುಳಿಸಿ ಕನ್ನಡಿ ಮಾಡಿದೆ ಎನ್ನುವವರ ತೋಟೆಯ ಬಾಯಿಗೆ ಉಗುರು ತಾಗಿಸಿ ನೋಡಿ.

ಬಿರುಕು ಬಿಟ್ಟವು, ತಂತಿ ತಡವರಿಸಿದವು, ಕೇಪಿನ ಗುಳಿ ಸಡಿಲವಾದವು, ಇವನ್ನೆಲ್ಲ ಇಕ್ಕಳದಿಂದ ಬಾಯಿ ಚಪ್ಪಟೆ ಮಾಡಿ ಬೇರೆ ಡಬ್ಬಕ್ಕೆ ಹಾಕುತ್ತೇನೆ, ಮತ್ತೆ ಯಾರ ಕೈಗೆ ಸಿಕ್ಕರೂ ತುಂಬಲು ಬಾರದಿರಲಿ ಎಂದು. ಡಬ್ಬ ತುಂಬಿದಾಗ ಗುಜರಿಗೆ ಒಯ್ಯುತ್ತೇನೆ. ಗುಜರಿಯವನು ಮೊದಲು ಬುಡ ತಿರುಗಿಸಿ ನೋಡುತ್ತಾನೆ. ಹಾರದ ಕೇಪು ಒಂದಾದರೂ ಸೇರಿದ್ದರೆ ಇಡೀ ಡಬ್ಬ ವಾಪಸ್ಸು. ಇಲ್ಲದಿದ್ದರೆ ತಕ್ಕಡಿಗೆ ಸುರಿದು, ಆ ದಿನದ ಹಳದಿ ಹಿತ್ತಾಳೆಯ ದರ ಹೇಳಿ, ಪೌಂಡಿನ ಲೆಕ್ಕದಲ್ಲಿ ದುಡ್ಡು ಎಣಿಸುತ್ತಾನೆ. ಹೊಳಪಿಗೆ ಅವನು ಒಂದು ಸೆಂಟೂ ಹೆಚ್ಚು ಕೊಡುವುದಿಲ್ಲ.